ಪ್ರೆಸ್‌ಗೆ ಕಳಿಸುವ ಫೈಲ್ ಹೀಗಿರಲಿ: ಖಾಲಿ ಪುಟದಿಂದ ಕೊನೆಯ ಪಿಡಿಎಫ್‌ವರೆಗೆ

ಪರದೆಯ ಮೇಲೆ ಕಳೆಕಳೆಯಾಗಿದ್ದ ಚಿತ್ರ ಅಚ್ಚಾಗಿ ಬಂದಾಗ ಮಂಕಾಗಿರುತ್ತದೆ. ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಸಣ್ಣ ಅಕ್ಷರಗಳ ಸುತ್ತ ಕೆಂಪು, ನೀಲಿ ನೆರಳು ಕಾಣುತ್ತದೆ. ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕೂತಿರುತ್ತವೆ. ಪದೇ ಪದೇ ಕೇಳಿಬರುವ ದೂರುಗಳು ಇವೇ. ಇವುಗಳಲ್ಲಿ ಯಂತ್ರದ ತಪ್ಪು ಕಡಿಮೆ, ಫೈಲ್‌ನ ತಪ್ಪೇ ಹೆಚ್ಚು.

ಹಾಗೆಂದು ಬ್ಲೀಡ್ (ಕತ್ತರಿಸುವ ಅಂಚಿನ ಹೊರಗೂ ಹರಡಿದ ಹೆಚ್ಚುವರಿ ಚಿತ್ರ), ರೆಸಲ್ಯೂಷನ್ (ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ), ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣಪದ್ಧತಿ) ಎಂಬ ಮಾತುಗಳು ಯಾರಿಗೂ ಗೊತ್ತಿಲ್ಲ ಎಂದಲ್ಲ. ಗೊತ್ತಿರುತ್ತವೆ, ಆದರೆ ನೆನಪಾಗುವುದು ಚಿತ್ರವೆಲ್ಲ ಮುಗಿದ ಮೇಲೆ. ಅಂಚಿಗೆ ತಾಗಿಸಿ ಬರೆದ ಚಿತ್ರಕ್ಕೆ ಆಮೇಲೆ ಬ್ಲೀಡ್ ಎಲ್ಲಿಂದ ತರುವುದು? ಸಣ್ಣ ಕ್ಯಾನ್ವಾಸ್‌ನಲ್ಲಿ ಮುಗಿಸಿದ್ದಕ್ಕೆ ಪಿಕ್ಸೆಲ್ ಎಲ್ಲಿಂದ ಬರಬೇಕು? ಆದ್ದರಿಂದ ಇಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡದೆ ಹೋಗಿ.

## ಶುರು ಮಾಡುವ ಮುನ್ನ ಬೇಕಾದ ಸಲಕರಣೆ

ಚಿತ್ರ ಬರೆಯಲು, ತಿದ್ದಲು ಫೋಟೋಶಾಪ್, ಕ್ರಿಟಾ ಅಥವಾ ಅಫಿನಿಟಿ ಸಾಕು. ಅಕ್ಷರ ಜೋಡಿಸಿ ಪುಟ ಕಟ್ಟಲು ಇನ್‌ಡಿಸೈನ್, ಇಲಸ್ಟ್ರೇಟರ್, ಕೋರಲ್‌ಡ್ರಾ ಇವುಗಳಲ್ಲಿ ಒಂದು ಬೇಕು. ಹಣ ಕೊಡದೆ ಸಿಗುವುದೇ ಬೇಕೆಂದರೆ ಸ್ಕ್ರೈಬಸ್ ಇದೆ. ಅದು ಸಿಎಂವೈಕೆಯನ್ನೂ ಮುದ್ರಣಕ್ಕೆ ಒಪ್ಪುವ ಪಿಡಿಎಫ್ಅನ್ನೂ ಸರಿಯಾಗಿ ನಿಭಾಯಿಸುತ್ತದೆ. ಕೊನೆಯ ತಪಾಸಣೆಗೆ ಅಕ್ರೋಬ್ಯಾಟ್ ಪ್ರೊ ಬೇಕು. ಬರೀ ರೀಡರ್ ಸಾಲದು, ಪ್ಲೇಟ್‌ಗಳನ್ನು (ಒಂದೊಂದು ಶಾಯಿಗೆ ಒಂದರಂತಿರುವ ಅಚ್ಚುಫಲಕಗಳನ್ನು) ಬಿಡಿಬಿಡಿಯಾಗಿ ತೋರಿಸುವ ಸಾಧನ ಅದರಲ್ಲಿಲ್ಲ. ಇವುಗಳ ಜೊತೆಗೆ ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳಿ, ಮಾಮೂಲಿ ಪ್ರಿಂಟರ್ ಒಂದು ಕೈಗೆಟಕುವಂತಿರಲಿ.

ಒಂದು ಎಚ್ಚರಿಕೆ: ಇಡೀ ಪುಟವನ್ನು, ಅಕ್ಷರಗಳ ಸಮೇತ, ಫೋಟೋಶಾಪ್‌ನಲ್ಲೇ ಕಟ್ಟಬೇಡಿ. ಅಲ್ಲಿ ಮುಗಿಸಿ ಜೆಪೆಗ್ ಮಾಡಿದರೆ ಅಕ್ಷರಗಳೂ ಪಿಕ್ಸೆಲ್ ಆಗಿಬಿಡುತ್ತವೆ. ಇಂಚಿಗೆ 300 ಪಿಕ್ಸೆಲ್ ಸಾಂದ್ರತೆ ಚಿತ್ರಕ್ಕೆ ಸಾಕು, 8 ಪಾಯಿಂಟ್ ಅಕ್ಷರದ ಅಂಚಿಗೆ ಸಾಲದು.

## ಹಂತ 1: ಮೊದಲು ಪ್ರೆಸ್‌ನವರನ್ನು ಕೇಳಿ

ಕ್ಯಾನ್ವಾಸ್ ತೆರೆಯುವ ಮೊದಲೇ ಈ ಸಂಗತಿಗಳು ಇತ್ಯರ್ಥವಾಗಬೇಕು: ಯಾವ ವಿಧಾನದ ಮುದ್ರಣ, ಕತ್ತರಿಸಿದ ಮೇಲಿನ ಅಳತೆ ಎಷ್ಟು, ಬ್ಲೀಡ್ ಎಷ್ಟು, ಕಾಗದ ಲೇಪನವಿರುವುದೋ ಇಲ್ಲದ್ದೋ, ಯಾವ ಐಸಿಸಿ ಪ್ರೊಫೈಲ್ (ಆ ಕಾಗದ, ಶಾಯಿಯಲ್ಲಿ ಬಣ್ಣ ಹೇಗೆ ಕಾಣುತ್ತದೆ ಎಂಬ ಅಳತೆಪಟ್ಟಿ), ಯಾವ ಬಗೆಯ ಪಿಡಿಎಫ್. ಮಡಿಕೆ, ಬೈಂಡಿಂಗ್, ಲ್ಯಾಮಿನೇಷನ್, ಡೈ ಕಟಿಂಗ್ (ಬೇಕಾದ ಆಕಾರಕ್ಕೆ ಕತ್ತರಿಸುವುದು) ಏನಾದರೂ ಇದ್ದರೆ ಅದನ್ನೂ ಈಗಲೇ ಹೇಳಿ.

ಮುದ್ರಣ ವಿಧಾನದ ಪ್ರಶ್ನೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಆಫ್‌ಸೆಟ್ ಆದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಪ್ಲೇಟ್‌ಗಳ ಲೆಕ್ಕ. ಆದರೆ ಕಲಾಕೃತಿಗಳ ಪ್ರತಿ ತೆಗೆಯುವ ಉತ್ತಮ ಇಂಕ್‌ಜೆಟ್ ಯಂತ್ರಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಶಾಯಿಗಳಿರುತ್ತವೆ, ಮಾಮೂಲಿ ಸಿಎಂವೈಕೆಗೆ ನಿಲುಕದ ಬಣ್ಣಗಳನ್ನೂ ಅವು ತೆಗೆಯಬಲ್ಲವು. ಅಂಥಲ್ಲಿಗೆ ಸಾಮಾನ್ಯವಾಗಿ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಬಣ್ಣಪದ್ಧತಿಯ) ಫೈಲ್ ಅನ್ನೇ, ಪ್ರೊಫೈಲ್ ಸಮೇತ, ಟಿಫ್ ರೂಪದಲ್ಲಿ ಕೊಡಬೇಕು. "ಪ್ರಿಂಟ್ ಅಂದರೆ ಸಿಎಂವೈಕೆ" ಎಂದುಕೊಂಡು ಮೊದಲೇ ಬದಲಾಯಿಸಿ ಕೊಟ್ಟರೆ ಆ ಯಂತ್ರ ಕೊಡಬಹುದಾಗಿದ್ದ ಬಣ್ಣವನ್ನು ನೀವೇ ಕಿತ್ತುಹಾಕಿದಂತೆ.

"ಪಿಡಿಎಫ್ ಕಳಿಸಿ, ಸಾಕು" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಅಳತೆ, ಬ್ಲೀಡ್, ಪ್ರೊಫೈಲ್ ಈ ಮೂರನ್ನಾದರೂ ಬರಹದಲ್ಲಿ ತರಿಸಿಕೊಳ್ಳಿ. ಹಿಂದೆ ಸರಿಯಾಗಿ ಬಂದ ಯಾವುದಾದರೂ ಕೆಲಸದ ಸೆಟ್ಟಿಂಗ್ ಕೇಳಿದರೆ ಪ್ರೀಪ್ರೆಸ್ (ಅಚ್ಚಿಗೆ ಮುನ್ನ ಫೈಲ್ ಸಿದ್ಧಮಾಡುವ) ವಿಭಾಗದವರು ಸಂತೋಷದಿಂದಲೇ ಕೊಡುತ್ತಾರೆ, ಅವರ ಕೆಲಸವೂ ಹಗುರಾಗುತ್ತದಲ್ಲ.

## ಹಂತ 2: ಅಳತೆ, ಬ್ಲೀಡ್, ಸುರಕ್ಷಿತ ಜಾಗ

ಮೂರು ಚೌಕಟ್ಟುಗಳನ್ನು ಮನಸ್ಸಿನಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ. ನಡುವಿನದು ಟ್ರಿಮ್, ಅಂದರೆ ಕತ್ತರಿಸಿದ ಮೇಲೆ ಉಳಿಯುವ ಅಳತೆ. ಅದರ ಹೊರಗೆ ಬ್ಲೀಡ್, ಸಾಮಾನ್ಯವಾಗಿ ನಾಲ್ಕೂ ಕಡೆ 3 ಮಿ.ಮೀ. ಒಳಗೆ ಸುರಕ್ಷಿತ ಜಾಗ, ಅಂಚಿನಿಂದ ಕನಿಷ್ಠ 3ರಿಂದ 5 ಮಿ.ಮೀ. ಒಳಕ್ಕೆ. ಕಟಿಂಗ್ ಯಂತ್ರ ಒಂದು ದಪ್ಪ ಕಟ್ಟನ್ನು ಒಟ್ಟಿಗೇ ಕತ್ತರಿಸುತ್ತದೆ. ಆಗ ಹಾಳೆ ಅರ್ಧ, ಒಂದು ಮಿ.ಮೀ. ಅತ್ತಿತ್ತ ಆಗಿಯೇ ಆಗುತ್ತದೆ. ಹಿನ್ನೆಲೆಯ ಬಣ್ಣ ಬ್ಲೀಡ್‌ವರೆಗೆ ಹರಡಿದ್ದರೆ ಅದು ಗೊತ್ತೇ ಆಗುವುದಿಲ್ಲ. ಟ್ರಿಮ್‌ನಲ್ಲೇ ನಿಂತಿದ್ದರೆ ಬಿಳಿ ಗೆರೆ ಕಾಣುತ್ತದೆ.

ಎ4 ಪೋಸ್ಟರ್ ಎಂದುಕೊಳ್ಳೋಣ. ಟ್ರಿಮ್ 210 × 297 ಮಿ.ಮೀ. ಬ್ಲೀಡ್ ಸೇರಿ 216 × 303. ಫೋಟೋಶಾಪ್ ಅಥವಾ ಕ್ರಿಟಾದಲ್ಲಿ ಬ್ಲೀಡ್‌ಗೆಂದು ಬೇರೆ ಜಾಗ ಇರುವುದಿಲ್ಲ. ಆದ್ದರಿಂದ ಅಲ್ಲಿ ಕ್ಯಾನ್ವಾಸ್ ಅನ್ನೇ 216 × 303ಕ್ಕೆ ತೆರೆದು, 3 ಮಿ.ಮೀ. ಒಳಗೆ ಗೈಡ್ ಎಳೆದುಕೊಳ್ಳಿ. ಇನ್‌ಡಿಸೈನ್, ಇಲಸ್ಟ್ರೇಟರ್, ಸ್ಕ್ರೈಬಸ್‌ಗಳಲ್ಲಿ ಪುಟ 210 × 297 ಇರಲಿ, ಬ್ಲೀಡ್ ಖಾನೆಯಲ್ಲಿ 3 ತುಂಬಿ. ಪುಟದ ಅಳತೆಯಲ್ಲೂ ಬ್ಲೀಡ್ ಖಾನೆಯಲ್ಲೂ ಸೇರಿಸಿದರೆ ಬ್ಲೀಡ್ ಇಮ್ಮಡಿಯಾಗಿ ಟ್ರಿಮ್ ಅಳತೆಯೇ ತಪ್ಪುತ್ತದೆ. ಬಹಳ ಸಲ ಕಾಣುವ ತಪ್ಪಿದು.

ಬ್ಲೀಡ್ ಇಲ್ಲದೆ ಮುಗಿದ ಚಿತ್ರವನ್ನು ಶೇ. 3ರಷ್ಟು ಹಿಗ್ಗಿಸಿ "ಸರಿಮಾಡುವ" ರೂಢಿಯೂ ಇದೆ. ಹಿನ್ನೆಲೆ ಬರೀ ಆಕಾಶವಾಗಿದ್ದರೆ ನಡೆಯುತ್ತದೆ. ಅಂಚಿನ ಹತ್ತಿರ ಸಹಿಯೋ ಅಕ್ಷರವೋ ಇದ್ದರೆ ಅದು ಕತ್ತಿಗೆ ಸಿಗುತ್ತದೆ. ಹಾಗೆಯೇ ಪುಟದ ಸುತ್ತ ತೆಳುವಾದ ಚೌಕಟ್ಟು ಗೆರೆ ಬೇಡ. ಒಂದು ಮಿ.ಮೀ. ಸರಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಎಂದು ಎದ್ದು ಕಾಣುತ್ತದೆ. ಬೇಕೇ ಬೇಕೆಂದರೆ ಅಂಚಿನಿಂದ 6, 7 ಮಿ.ಮೀ. ಒಳಗೆ ಇಡಿ.

ಪುಸ್ತಕದ ರಕ್ಷಾಪುಟಕ್ಕೆ ಬೆನ್ನಿನ ಲೆಕ್ಕ ಬೇಕು. 200 ಪುಟ ಎಂದರೆ 100 ಹಾಳೆ. ಹಾಳೆಯ ದಪ್ಪ 0.1 ಮಿ.ಮೀ. ಇದ್ದರೆ ಬೆನ್ನು 10 ಮಿ.ಮೀ. ಪುಸ್ತಕದ ಅಳತೆ 140 × 216 ಆದರೆ ಹಿಂಬದಿ, ಬೆನ್ನು, ಮುಂಬದಿ ಸೇರಿ 290 ಮಿ.ಮೀ. ಅಗಲ. ಬ್ಲೀಡ್ ಸೇರಿ ಇಡೀ ಹಾಳೆ 296 × 222. ಆದರೆ ಹಾಳೆಯ ದಪ್ಪವನ್ನು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ) ನೋಡಿ ಊಹಿಸಬೇಡಿ. ಒಂದೇ ಜಿಎಸ್‌ಎಂನ ಎರಡು ಕಾಗದಗಳ ದಪ್ಪ ಬೇರೆ ಇರಬಹುದು. ಒಳಪುಟಗಳ ಸಂಖ್ಯೆ ಅಂತಿಮವಾದ ಮೇಲೆ ಬೆನ್ನಿನ ಅಳತೆಯನ್ನು ಪ್ರೆಸ್‌ನಿಂದಲೇ ಪಡೆಯಿರಿ. ಸೆಂಟರ್ ಪಿನ್ ಹೊಡೆಯುವ ಪುಸ್ತಿಕೆಯಾದರೆ ಪುಟಗಳ ಸಂಖ್ಯೆ 4ರ ಗುಣಕವಾಗಿರಲೇಬೇಕು.

ಮೂರು ಮಡಿಕೆಯ ಕರಪತ್ರದಲ್ಲಿ ಒಳಗೆ ಸೇರುವ ಭಾಗ ಸ್ವಲ್ಪ ಕಿರಿದಾಗಿರಬೇಕು. 297 ಮಿ.ಮೀ. ಅನ್ನು 99ರಂತೆ ಮೂರು ಪಾಲು ಮಾಡಿದರೆ ಒಳಭಾಗ ಮಡಿಕೆಗೆ ಸಿಕ್ಕಿ ಉಬ್ಬುತ್ತದೆ. 100, 100, 97 ಎಂದು ಹಂಚಿ. ಇನ್ನೊಂದು ಬದಿಯಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ ಎಂಬುದು ನೆನಪಿರಲಿ.

## ಹಂತ 3: ರೆಸಲ್ಯೂಷನ್, ಅಂದರೆ ಪಿಕ್ಸೆಲ್ ಲೆಕ್ಕ

"ನನ್ನ ಫೈಲ್ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇದೆ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಎಷ್ಟು ಅಳತೆಗೆ 300 ಎಂಬುದೇ ಪ್ರಶ್ನೆ. ಬ್ಲೀಡ್ ಸೇರಿದ ಎ4ಗೆ 300ರಂತೆ 2551 × 3579 ಪಿಕ್ಸೆಲ್ ಬೇಕು. ಸಾಮಾಜಿಕ ಜಾಲತಾಣಕ್ಕೆಂದು ಮಾಡಿದ 1080 × 1350 ಪಿಕ್ಸೆಲ್ ಚಿತ್ರ ಅದೇ 300ರ ಲೆಕ್ಕದಲ್ಲಿ 91 × 114 ಮಿ.ಮೀ. ಮಾತ್ರ. ಅದನ್ನು ಎ4ರ ಅಗಲಕ್ಕೆ ಎಳೆದರೆ ಸಾಂದ್ರತೆ 130ರ ಆಸುಪಾಸಿಗೆ ಇಳಿಯುತ್ತದೆ.

ಪರೀಕ್ಷೆ ಸುಲಭ. ಫೋಟೋಶಾಪ್‌ನ ಇಮೇಜ್ ಸೈಜ್ ಕಿಟಕಿಯಲ್ಲಿ "ರೀಸ್ಯಾಂಪಲ್" ಗುರುತು ತೆಗೆದು ರೆಸಲ್ಯೂಷನ್ ಖಾನೆಯಲ್ಲಿ 300 ಹಾಕಿ. ಆಗ ಕಾಣುವ ಅಳತೆಯೇ ನಿಮ್ಮ ಚಿತ್ರದ ನಿಜವಾದ ತಾಕತ್ತು. ಗುರುತು ತೆಗೆಯದೆ 72 ಇದ್ದದ್ದನ್ನು 300 ಮಾಡಿದರೆ ತಂತ್ರಾಂಶ ಇಲ್ಲದ ಪಿಕ್ಸೆಲ್‌ಗಳನ್ನು ಊಹಿಸಿ ತುಂಬುತ್ತದೆ. ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಚಿತ್ರ ಮಾತ್ರ ಮಸುಕಾಗಿಯೇ ಉಳಿಯುತ್ತದೆ. ಇನ್‌ಡಿಸೈನ್‌ನಲ್ಲಾದರೆ ಲಿಂಕ್ಸ್ ಪ್ಯಾನಲ್‌ನ "ಎಫೆಕ್ಟಿವ್ ಪಿಪಿಐ" ನೋಡಿ. ಪಕ್ಕದಲ್ಲಿರುವ "ಆ್ಯಕ್ಚುವಲ್ ಪಿಪಿಐ" ಸಂಖ್ಯೆ ದಾರಿತಪ್ಪಿಸುತ್ತದೆ, ಏಕೆಂದರೆ ಪುಟದಲ್ಲಿ ಚಿತ್ರವನ್ನು ಹಿಗ್ಗಿಸಿದ್ದು ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಫೋಟೋ, ಬಣ್ಣದ ಚಿತ್ರಕ್ಕೆ 300. ಬರೀ ಕಪ್ಪು-ಬಿಳುಪಿನ ರೇಖಾಚಿತ್ರವನ್ನು ಪಿಕ್ಸೆಲ್ ರೂಪದಲ್ಲೇ ಕೊಡುವುದಾದರೆ 600ರಿಂದ 1200. ದೂರದಿಂದ ನೋಡುವ ದೊಡ್ಡ ಬ್ಯಾನರ್‌ಗೆ 100 ಸಾಕು, ಇನ್ನೂ ದೂರವಾದರೆ ಅದಕ್ಕಿಂತ ಕಡಿಮೆಯೂ ನಡೆಯುತ್ತದೆ. ಬ್ಯಾನರ್ ಫೈಲ್ ಅನ್ನು ಹತ್ತನೇ ಒಂದು ಅಳತೆಯಲ್ಲಿ ಮಾಡುವವರು ಗಮನಿಸಬೇಕಾದ ಮಾತೊಂದಿದೆ: ಪೂರ್ತಿ ಅಳತೆಯಲ್ಲಿ 100 ಬೇಕಾದರೆ ಸಣ್ಣ ಫೈಲ್‌ನಲ್ಲಿ ಅದು 1000 ಆಗಿರಬೇಕು. ಹಾಗೆ ಮಾಡಿದ್ದೀರಿ ಎಂಬುದನ್ನು ಫೈಲ್ ಹೆಸರಿನಲ್ಲೇ ಬರೆಯಿರಿ.

ಕೈಯಲ್ಲಿ ಬರೆದ ಮೂಲಚಿತ್ರ ಇದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆಯದೆ ಸ್ಕ್ಯಾನ್ ಮಾಡಿ. ಅದೇ ಅಳತೆಗೆ ಮುದ್ರಿಸುವುದಾದರೆ 300, ಇಮ್ಮಡಿ ಮಾಡುವುದಾದರೆ 600. ಕೆಲಸದ ಪ್ರತಿ ಟಿಫ್ ಅಥವಾ ಪಿಎಸ್‌ಡಿಯಲ್ಲಿರಲಿ. ಜೆಪೆಗ್ ಅನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಂತೆಲ್ಲ ಅದು ಸವೆಯುತ್ತದೆ. ಅಂಚುಗಳ ಸುತ್ತ ಸಣ್ಣ ಕಲೆಗಳು, ಚೌಕಚೌಕದ ಗುರುತುಗಳು ಕಾಣತೊಡಗಿದರೆ ಆ ಪ್ರತಿಯನ್ನು ಬಿಟ್ಟು ಮೂಲಕ್ಕೆ ಹೋಗಿ.

## ಹಂತ 4: ಬಣ್ಣ, ಒಮ್ಮೆ ಮಾತ್ರ, ಕೊನೆಯಲ್ಲಿ

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದದ ಮೇಲೆ ಶಾಯಿ ಬೆಳಕನ್ನು ಹೀರಿ ಬಣ್ಣ ಮಾಡುತ್ತದೆ. ನಿಯಾನ್ ಹಸಿರು, ಮಿಂಚುವ ಕಿತ್ತಳೆ, ಗಾಢ ಬೆಳಗುವ ನೀಲಿ ಇವೆಲ್ಲ ನಾಲ್ಕು ಶಾಯಿಗಳ ವ್ಯಾಪ್ತಿಗೆ ಹೊರಗಿನವು. ಅವು ಮಂಕಾಗಿಯೇ ಬರುತ್ತವೆ, ಯಾವ ಪ್ರೆಸ್‌ನವರೂ ಅದನ್ನು ತಪ್ಪಿಸಲಾರರು. ನೀವು ಮಾಡಬಹುದಾದದ್ದು, ಎಷ್ಟು ಮಂಕಾಗುತ್ತದೆ ಎಂಬುದನ್ನು ಮೊದಲೇ ನೋಡಿಕೊಂಡು ಅದಕ್ಕೆ ತಕ್ಕ ಬಣ್ಣ ಆರಿಸುವುದು.

ಇದಕ್ಕಾಗಿ ಆರ್‌ಜಿಬಿಯಲ್ಲೇ ಕೆಲಸ ಮಾಡುತ್ತ ಸಾಫ್ಟ್ ಪ್ರೂಫ್ (ಅಚ್ಚಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ನೋಟ) ಹಾಕಿಕೊಳ್ಳಿ. ಫೋಟೋಶಾಪ್‌ನ ವ್ಯೂ ಮೆನುವಿನ "ಪ್ರೂಫ್ ಸೆಟಪ್"ನಲ್ಲಿ ಪ್ರೆಸ್ ಹೇಳಿದ ಪ್ರೊಫೈಲ್ ಆರಿಸಿ. ಆಮೇಲೆ ಕಂಟ್ರೋಲ್ ಮತ್ತು ವೈ ಒತ್ತಿದಾಗಲೆಲ್ಲ ಅಚ್ಚಿನ ನೋಟ ಬಂದುಹೋಗುತ್ತದೆ. ಜೊತೆಗೆ ಶಿಫ್ಟ್ ಒತ್ತಿದರೆ ವ್ಯಾಪ್ತಿ ಮೀರಿದ ಬಣ್ಣಗಳು ಬೂದು ಬಣ್ಣದಲ್ಲಿ ಕಾಣುತ್ತವೆ. ಈ ಪರೀಕ್ಷೆಗೆ ಪರದೆಯ ಬೆಳಕು ಹದವಾಗಿರಬೇಕು. ಪೂರ್ತಿ ಬೆಳಕಿಟ್ಟು ಕೆಲಸ ಮಾಡುವವರ ಚಿತ್ರಗಳೇ ಹೆಚ್ಚಾಗಿ "ಕಪ್ಪಾಗಿ ಬಂತು" ಎಂಬ ದೂರಿಗೆ ಗುರಿಯಾಗುತ್ತವೆ. ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿ ಅದಕ್ಕೆ ಹತ್ತಿರವಾಗುವವರೆಗೆ ಬೆಳಕು ಇಳಿಸಿ.

ಪ್ರೊಫೈಲ್ ಎಂದರೆ ಇಂಥ ಕಾಗದದ ಮೇಲೆ ಇಂಥ ಶಾಯಿ ಹೀಗೆ ಕಾಣುತ್ತದೆ ಎಂಬ ಅಳತೆಪಟ್ಟಿ. ಲೇಪನವಿರುವ ಕಾಗದಕ್ಕೆ ಕೋಟೆಡ್ ಫೋಗ್ರಾ39, ಪಿಎಸ್‌ಒ ಕೋಟೆಡ್ ವಿ3 ಮುಂತಾದವು, ಲೇಪನವಿಲ್ಲದ್ದಕ್ಕೆ ಪಿಎಸ್‌ಒ ಅನ್‌ಕೋಟೆಡ್ ವಿ3, ಅಮೆರಿಕದ ರೂಢಿಯಲ್ಲಿ ಸ್ವಾಪ್, ಗ್ರಾಕೋಲ್. ಇವುಗಳಲ್ಲಿ ಯಾವುದು ಎಂಬುದನ್ನು ನಿಮ್ಮ ಪ್ರೆಸ್ ಹೇಳಬೇಕು.

ಚಿತ್ರ ಪೂರ್ತಿ ಮುಗಿದ ಮೇಲೆ ಮೂಲವನ್ನು ಲೇಯರ್ ಸಮೇತ ಎತ್ತಿಟ್ಟು, ಒಂದು ನಕಲು ಮಾಡಿ, ನಕಲಿನ ಲೇಯರ್‌ಗಳನ್ನು ಒಂದಾಗಿಸಿ, ಆಮೇಲೆ "ಕನ್ವರ್ಟ್ ಟು ಪ್ರೊಫೈಲ್" ಕೊಡಿ. ಲೇಯರ್ ಒಂದಾಗಿಸದೆ ಬದಲಾಯಿಸಿದರೆ ಮಲ್ಟಿಪ್ಲೈ, ಸ್ಕ್ರೀನ್ ಮೊದಲಾದ ಬ್ಲೆಂಡ್‌ಗಳ ಲೆಕ್ಕ ತಪ್ಪಿ ನೆರಳುಗಳ ಬಣ್ಣವೇ ಬೇರೆಯಾಗುತ್ತದೆ. ಪಕ್ಕದಲ್ಲೇ ಇರುವ "ಅಸೈನ್ ಪ್ರೊಫೈಲ್" ಬೇರೆ ಕೆಲಸ ಮಾಡುತ್ತದೆ. ಅದು ಸಂಖ್ಯೆಗಳನ್ನು ಹಾಗೇ ಬಿಟ್ಟು ಹಣೆಪಟ್ಟಿ ಮಾತ್ರ ಬದಲಿಸುತ್ತದೆ. ಮೋಡ್ ಮೆನುವಿನಿಂದ ನೇರವಾಗಿ ಸಿಎಂವೈಕೆ ಒತ್ತುವುದೂ ಅಪಾಯವೇ, ಏಕೆಂದರೆ ಆಗ ನಿಮ್ಮ ಕಂಪ್ಯೂಟರ್‌ನಲ್ಲಿ ಮೊದಲಿನಿಂದ ಕೂತಿರುವ ಪ್ರೊಫೈಲ್ ಹತ್ತಿಕೊಳ್ಳುತ್ತದೆ, ಪ್ರೆಸ್‌ನವರು ಹೇಳಿದ್ದಲ್ಲ. ಸಿಎಂವೈಕೆಗೆ ಹೋಗಿ, ಇಷ್ಟವಾಗದೆ ಆರ್‌ಜಿಬಿಗೆ ಮರಳಿ, ಮತ್ತೆ ಹೋಗುವುದಂತೂ ಬೇಡವೇ ಬೇಡ. ಒಮ್ಮೆ ಕಳೆದ ಬಣ್ಣ ಮರಳುವುದಿಲ್ಲ.

ನೀಲಿಯ ಬಗ್ಗೆ ಒಂದು ಮಾತು. ನೀಲಿ ನೇರಳೆಯಾಗಿ ಬರುವುದು ಅತಿ ಸಾಮಾನ್ಯ. ಸಯಾನ್ ಶೇ. 100 ಇದ್ದಾಗ ಮಜೆಂಟಾವೂ 90, 100 ಇದ್ದರೆ ನೇರಳೆಯೇ ಬರುತ್ತದೆ. ಎರಡರ ನಡುವೆ ಕನಿಷ್ಠ 30ರ ಅಂತರವಿಡಿ. ಸಯಾನ್ 100ಕ್ಕೆ ಮಜೆಂಟಾ 65 ಇದ್ದರೆ ನೀಲಿ ನೀಲಿಯಾಗಿಯೇ ನಿಲ್ಲುತ್ತದೆ.

## ಹಂತ 5: ಕಪ್ಪು

ಅತಿ ಹೆಚ್ಚು ಕೆಲಸ ಕೆಡುವುದು ಇಲ್ಲಿ. ಆರ್‌ಜಿಬಿಯ ಅಪ್ಪಟ ಕಪ್ಪನ್ನು ಫೋಟೋಶಾಪ್‌ನ ಸ್ವಾಪ್ ಪ್ರೊಫೈಲ್‌ಗೆ ಬದಲಾಯಿಸಿ ನೋಡಿ: ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90. ಒಟ್ಟು 300. ಅಂದರೆ ನಿಮ್ಮ "ಕಪ್ಪು" ಅಕ್ಷರವೊಂದು ನಾಲ್ಕು ಪ್ಲೇಟ್‌ಗಳಲ್ಲಿ ನಾಲ್ಕು ಸಲ ಅಚ್ಚಾಗುತ್ತದೆ. ನಾಲ್ಕೂ ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಕೂರಬೇಕು. ಒಂದು ಪ್ಲೇಟ್ 0.1 ಮಿ.ಮೀ. ಸರಿದರೂ ಸಣ್ಣ ಅಕ್ಷರದ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಅಂಚು ಬರುತ್ತದೆ. ಸೊನ್ನೆಯ ಒಳಗಿನ ಬಿಳಿ, ಕೊಂಬಿನ ಸಂದು ಎಲ್ಲ ಮುಚ್ಚಿಹೋಗುತ್ತವೆ.

ಆದ್ದರಿಂದ ಅಕ್ಷರಗಳಿಗೆ, ತೆಳು ಗೆರೆಗಳಿಗೆ ಬರೀ ಕಪ್ಪು ಪ್ಲೇಟ್: 0, 0, 0, 100. ಇದು ಓವರ್‌ಪ್ರಿಂಟ್ ಆಗಿರಲಿ, ಅಂದರೆ ಹಿನ್ನೆಲೆಯನ್ನು ಕೊರೆಯದೆ ಅದರ ಮೇಲೇ ಕೂರಲಿ. ಇನ್‌ಡಿಸೈನ್‌ನ ಮೂಲ ಕಪ್ಪು ತಾನಾಗಿಯೇ ಹೀಗೆ ವರ್ತಿಸುತ್ತದೆ. ಇಲಸ್ಟ್ರೇಟರ್‌ನಲ್ಲಿ ಆಟ್ರಿಬ್ಯೂಟ್ಸ್ ಪ್ಯಾನಲ್‌ಗೆ ಹೋಗಿ ನೀವೇ ಗುರುತು ಹಾಕಬೇಕು.

ದೊಡ್ಡ ಕಪ್ಪು ಹಿನ್ನೆಲೆಗೆ ಇದು ಹೊಂದುವುದಿಲ್ಲ. ಬರೀ ಕಪ್ಪು ಶಾಯಿ ಅಷ್ಟು ಅಗಲಕ್ಕೆ ಬಳಿದಾಗ ಬೂದುಗಪ್ಪಾಗಿ ಕಾಣುತ್ತದೆ. ಅಲ್ಲಿ ಉಳಿದ ಶಾಯಿಗಳ ಬೆಂಬಲ ಬೇಕು. 60, 40, 40, 100 ಎಂಬುದು ಚಾಲ್ತಿಯಲ್ಲಿರುವ ಅನುಪಾತ, ಒಟ್ಟು 240. ನಿಮ್ಮ ಪ್ರೆಸ್‌ಗೆ ಅದರದೇ ಅನುಪಾತವಿದ್ದರೆ ಅದನ್ನೇ ಹಿಡಿಯಿರಿ. ಈ ಕಪ್ಪಿನ ಮೇಲೆ ಬಿಳಿ ಅಕ್ಷರ ಬಿಡುವುದಾದರೆ 8 ಪಾಯಿಂಟ್‌ಗಿಂತ ಸಣ್ಣದೂ ಬೇಡ, ತೆಳು ಫಾಂಟೂ ಬೇಡ.

ಒಟ್ಟು ಶಾಯಿಗೆ ಮೇಲ್ಮಿತಿ ಇದೆ. ಲೇಪನವಿರುವ ಕಾಗದಕ್ಕೆ 300ರಿಂದ 330, ಸುದ್ದಿಪತ್ರಿಕೆಯ ಕಾಗದಕ್ಕೆ 240ರ ಸುತ್ತ. ಮೀರಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಹಿಂಬದಿಗೆ ಅಂಟುತ್ತದೆ. "ರಿಜಿಸ್ಟ್ರೇಷನ್" ಎಂಬ ಹೆಸರಿನ ಕಪ್ಪು ಬಣ್ಣವೊಂದು ಸ್ವಾಚ್ ಪಟ್ಟಿಯಲ್ಲಿ ಕಾಣುತ್ತದೆ. ಅದು ನಾಲ್ಕೂ ಶಾಯಿ ತಲಾ 100, ಒಟ್ಟು 400. ಕ್ರಾಪ್ ಮಾರ್ಕ್‌ಗಳಿಗೆ (ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಗೆರೆಗಳಿಗೆ) ಮಾತ್ರ ಮೀಸಲಾದದ್ದು, ಅಕ್ಷರಕ್ಕೋ ಚಿತ್ರಕ್ಕೋ ಹಚ್ಚಬೇಡಿ.

ಓವರ್‌ಪ್ರಿಂಟ್‌ನ ಇನ್ನೊಂದು ಮುಖವೂ ಇದೆ. ಕಪ್ಪು ಅಕ್ಷರಕ್ಕೆ ಓವರ್‌ಪ್ರಿಂಟ್ ಕೊಟ್ಟು, ಆಮೇಲೆ ಅದೇ ಅಕ್ಷರವನ್ನು ಬಿಳಿ ಮಾಡಿದರೆ ಗುರುತು ಹಾಗೇ ಉಳಿದಿರುತ್ತದೆ. ಬಿಳಿಗೆ ಶಾಯಿಯೇ ಇಲ್ಲ, ಹಿನ್ನೆಲೆಯನ್ನು ಕೊರೆಯುವುದೂ ಇಲ್ಲ. ಪರದೆಯಲ್ಲಿ ಕಾಣುವ ಶೀರ್ಷಿಕೆ ಅಚ್ಚಿನಲ್ಲಿ ಮಾಯವಾಗುತ್ತದೆ.

## ಹಂತ 6: ಅಕ್ಷರಗಳು, ಅದರಲ್ಲೂ ಕನ್ನಡ

ಕನ್ನಡ ಅಕ್ಷರಗಳು ಎರಡು ಕಡೆ ಒಡೆಯುತ್ತವೆ. ಯೂನಿಕೋಡ್ ಫಾಂಟ್ ಬಳಸಿದಾಗ, ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸುವ ವಿಧಾನವನ್ನು ಹೇಳಿಕೊಡದಿದ್ದರೆ "ಕ್ಷ" ಹೋಗಿ "ಕ್‌ಷ" ಆಗುತ್ತದೆ, "ರ್ಕ"ದ ಅರ್ಕಾವತ್ತು ಕಳಚಿಕೊಳ್ಳುತ್ತದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನಲ್‌ನ ಮೆನುವಿನಿಂದ "ವರ್ಲ್ಡ್-ರೆಡಿ ಕಂಪೋಸರ್" ಆರಿಸಬೇಕು. ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ತೆರೆದು, ದಕ್ಷಿಣ ಏಷ್ಯಾದ ಲಿಪಿಗಳಿಗಿರುವ ಕಂಪೋಸರ್ ಹಿಡಿಯಬೇಕು. ಇದನ್ನು ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಸೇರಿಸಿಬಿಡಿ, ಹೊಸ ಚೌಕಟ್ಟು ತೆರೆದಾಗಲೆಲ್ಲ ಮತ್ತೆ ಒಡೆಯದಿರಲಿ.

ಎರಡನೆಯದು ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳು. ಇವುಗಳಲ್ಲಿ ಫೈಲ್‌ನ ಒಳಗಿರುವುದು ರೋಮನ್ ಲಿಪಿಯ ಸಂಕೇತಗಳು, ಮೇಲೆ ಕನ್ನಡದ ರೂಪ. ಪ್ರೆಸ್‌ನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಡೀ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ. ಒಂದೇ ಪುಟದಲ್ಲಿ ಆಸ್ಕಿ, ಯೂನಿಕೋಡ್ ಎರಡನ್ನೂ ಬೆರೆಸಿದ್ದರೆ ಕರಡು ತಿದ್ದುವಾಗ ಅಂಟಿಸಿದ ಸಾಲೊಂದು ಹೀಗೆ ಕೆಡುವುದು ತೀರ ಮಾಮೂಲು.

ಪರಿಹಾರ: ಪಿಡಿಎಫ್‌ನ ಒಳಗೇ ಫಾಂಟ್ ಸೇರಿಸುವುದು. ಅದು ಆಗದಿದ್ದರೆ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಕೋರಲ್‌ಡ್ರಾದಲ್ಲಿ ಕರ್ವ್ಸ್), ಅಂದರೆ ಬರೀ ಆಕಾರಗಳಾಗಿ ಬದಲಿಸಿ. ಔಟ್‌ಲೈನ್ ಮಾಡಿದ ಮೇಲೆ ಒಂದು ಅಕ್ಷರದೋಷವನ್ನೂ ತಿದ್ದಲಾಗುವುದಿಲ್ಲ. ಹಾಗಾಗಿ ಕರಡು ಅಂತಿಮವಾದ ಮೇಲೆ, ಬೇರೆ ಹೆಸರಿನ ಪ್ರತಿಯಲ್ಲಿ ಮಾತ್ರ ಮಾಡಿ. ಪುಸ್ತಕದ ಒಳಪುಟಗಳಂಥ ಉದ್ದದ ಪಠ್ಯಕ್ಕೆ ಫಾಂಟ್ ಸೇರಿಸುವುದೇ ಲೇಸು. ಔಟ್‌ಲೈನ್ ಆದ ಸಣ್ಣ ಅಕ್ಷರ ಕೆಲವು ಯಂತ್ರಗಳಲ್ಲಿ ತುಸು ದಪ್ಪವಾಗಿ ಬರುತ್ತದೆ.

## ಹಂತ 7: ಗೆರೆ, ವಿಶೇಷ ಶಾಯಿ

ಗೆರೆ 0.25 ಪಾಯಿಂಟ್‌ಗಿಂತ ತೆಳುವಾಗಿರಬಾರದು. ಕಪ್ಪು ಹಿನ್ನೆಲೆಯಲ್ಲಿ ಬಿಡುವ ಬಿಳಿ ಗೆರೆ ಕನಿಷ್ಠ 0.5. ಕೋರಲ್‌ಡ್ರಾದ "ಹೇರ್‌ಲೈನ್" ಪರದೆಯಲ್ಲಿ ಕಾಣುತ್ತದೆ, ಪ್ಲೇಟ್‌ನಲ್ಲಿ ಇಲ್ಲವಾಗಬಹುದು.

ವಿಶೇಷ ಶಾಯಿ ಅಂದರೆ ಪ್ಯಾಂಟೋನ್, ಚಿನ್ನ, ಬೆಳ್ಳಿ ಬೇಕಿದ್ದರೆ ಅದನ್ನು ಸ್ಪಾಟ್ ಕಲರ್ (ತನ್ನದೇ ಪ್ಲೇಟ್ ಇರುವ ಬಣ್ಣ) ಆಗಿ ಒಂದೇ ಹೆಸರಿನಲ್ಲಿ ಇಡಿ. ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ಎರಡು ಪ್ಲೇಟ್ ಆಗುತ್ತದೆ. ಬೇಡವಾದರೆ ಎಲ್ಲ ಸ್ಪಾಟ್‌ಗಳನ್ನೂ ಪ್ರೊಸೆಸ್‌ಗೆ (ನಾಲ್ಕು ಶಾಯಿಗಳ ಬಣ್ಣಕ್ಕೆ) ಬದಲಿಸಿ. ಡೈ ಕಟಿಂಗ್ ಗೆರೆ, ಸ್ಪಾಟ್ ಯುವಿ (ಆಯ್ದ ಜಾಗಕ್ಕಷ್ಟೇ ಬಳಿಯುವ ಹೊಳಪು ಲೇಪ) ಭಾಗ ಇವೂ ಪ್ರತ್ಯೇಕ ಸ್ಪಾಟ್ ಬಣ್ಣದಲ್ಲಿ, ತಮ್ಮದೇ ಲೇಯರ್‌ನಲ್ಲಿ, ಓವರ್‌ಪ್ರಿಂಟ್ ಆಗಿರಬೇಕು. ಇಲ್ಲದಿದ್ದರೆ ಕತ್ತರಿಸುವ ಗೆರೆ ಚಿತ್ರದ ಮೇಲೆ ಬಿಳಿ ಗೀರಾಗಿ ಉಳಿಯುತ್ತದೆ.

## ಹಂತ 8: ಪಿಡಿಎಫ್ ತೆಗೆಯುವುದು

"ಪ್ರಿಂಟ್ ಟು ಪಿಡಿಎಫ್" ಬೇಡ, "ಎಕ್ಸ್‌ಪೋರ್ಟ್" ಅಥವಾ "ಸೇವ್ ಆ್ಯಸ್" ದಾರಿಯಲ್ಲೇ ಹೋಗಿ. ಮುದ್ರಣಕ್ಕೆಂದೇ ಇರುವ ಮಾನದಂಡಗಳಲ್ಲಿ ಎರಡು ಮುಖ್ಯ. ಪಿಡಿಎಫ್/ಎಕ್ಸ್-1ಎ ಎಲ್ಲವನ್ನೂ ಸಿಎಂವೈಕೆ, ಸ್ಪಾಟ್‌ಗೆ ಇಳಿಸಿ, ಪಾರದರ್ಶಕತೆಯನ್ನು ಚಪ್ಪಟೆ ಮಾಡಿ (ಹಿಂದಿನದು ಕಾಣುವ ಭಾಗಗಳನ್ನು ಒಂದೇ ಪದರವಾಗಿಸಿ), ಫಾಂಟ್‌ಗಳನ್ನು ಒಳಗೆ ಸೇರಿಸಿ ಕೊಡುತ್ತದೆ. ಹಳೆಯ ವ್ಯವಸ್ಥೆ ಇರುವ ಪ್ರೆಸ್‌ಗೆ ಇದೇ ಕ್ಷೇಮ. ಪಿಡಿಎಫ್/ಎಕ್ಸ್-4 ಪಾರದರ್ಶಕತೆಯನ್ನು ಜೀವಂತವಾಗಿ ಉಳಿಸುತ್ತದೆ, ಪ್ರೊಫೈಲ್ ಇರುವ ಆರ್‌ಜಿಬಿ ಚಿತ್ರಗಳನ್ನೂ ಒಪ್ಪುತ್ತದೆ. ಪ್ರೆಸ್ ಒಪ್ಪುವುದಾದರೆ ನನ್ನ ಆಯ್ಕೆ ಎಕ್ಸ್-4. ನೆರಳು, ಮಂಜಿನ ಪರಿಣಾಮಗಳಿರುವ ಕಡೆ ಚಪ್ಪಟೆ ಮಾಡಿದಾಗ ಬರುವ ಬಿಳಿಯ ಸಣ್ಣ ಹೊಲಿಗೆಗೆರೆಗಳ ಕಾಟ ಅದರಲ್ಲಿ ತಪ್ಪುತ್ತದೆ.

ಮಾನದಂಡ ಆರಿಸಿದ ಮಾತ್ರಕ್ಕೆ ಬ್ಲೀಡ್ ತಾನಾಗಿ ಸೇರುವುದಿಲ್ಲ. ಇನ್‌ಡಿಸೈನ್‌ನಲ್ಲಿ "ಮಾರ್ಕ್ಸ್ ಆ್ಯಂಡ್ ಬ್ಲೀಡ್ಸ್"ಗೆ ಹೋಗಿ "ಯೂಸ್ ಡಾಕ್ಯುಮೆಂಟ್ ಬ್ಲೀಡ್ ಸೆಟ್ಟಿಂಗ್ಸ್" ಗುರುತಿಸಿ. ಕ್ರಾಪ್ ಮಾರ್ಕ್ ಕೇಳಿದ್ದರೆ ಅದರ ಆಫ್‌ಸೆಟ್ ಅಂತರವನ್ನು 3 ಮಿ.ಮೀ. ಅಥವಾ ಹೆಚ್ಚು ಮಾಡಿ. ಮೊದಲಿನಿಂದ ಇರುವ 2.117 ಮಿ.ಮೀ. ಬಿಟ್ಟರೆ ಗುರುತಿನ ಗೆರೆ ಬ್ಲೀಡ್‌ನ ಒಳಗೇ ನುಗ್ಗುತ್ತದೆ. ಪುಸ್ತಕವಾದರೆ ಒಂದೊಂದೇ ಪುಟವಾಗಿ ಕೊಡಿ. ಎದುರುಬದುರು ಪುಟ ಸೇರಿಸಿದ ಸ್ಪ್ರೆಡ್ ಬೇಡ, ಪುಟ ಹೊಂದಿಸುವ ಕೆಲಸ ಪ್ರೆಸ್‌ನವರದು.

## ಹಂತ 9: ಪಿಡಿಎಫ್ ಅನ್ನೇ ಪರೀಕ್ಷಿಸಿ

ನೋಡಬೇಕಾದದ್ದು ಡಿಸೈನ್ ಫೈಲ್ ಅಲ್ಲ, ಪ್ರೆಸ್‌ಗೆ ಹೋಗುವ ಪಿಡಿಎಫ್. ಅಕ್ರೋಬ್ಯಾಟ್ ಪ್ರೊದಲ್ಲಿ ತೆರೆದು ಪ್ರಿಂಟ್ ಪ್ರೊಡಕ್ಷನ್ ಸಾಧನಗಳಿಂದ "ಔಟ್‌ಪುಟ್ ಪ್ರಿವ್ಯೂ" ಹಾಕಿ.

ಮೊದಲು ಕಪ್ಪು ಪ್ಲೇಟ್‌ನ ಗುರುತು ತೆಗೆಯಿರಿ. ಪಠ್ಯವೆಲ್ಲ ಪರದೆಯಿಂದ ಪೂರ್ತಿ ಮಾಯವಾಗಬೇಕು. ಎಲ್ಲೋ ಒಂದು ಅಡಿಟಿಪ್ಪಣಿ, ಒಂದು ಪುಟಸಂಖ್ಯೆ ಕಂದುಬಣ್ಣದ ಛಾಯೆಯಾಗಿ ಉಳಿದಿದ್ದರೆ ಅದು ನಾಲ್ಕು ಬಣ್ಣದ ಕಪ್ಪು. ಹೆಚ್ಚಾಗಿ ವರ್ಡ್‌ನಿಂದ ತಂದು ಅಂಟಿಸಿದ ಸಾಲೇ ಆಗಿರುತ್ತದೆ. ಮೂಲ ಫೈಲ್‌ಗೆ ಹೋಗಿ ತಿದ್ದಿ.

ಆಮೇಲೆ ಉಳಿದ ಪ್ಲೇಟ್‌ಗಳನ್ನು ಒಂದೊಂದಾಗಿ ನೋಡಿ. ಪಟ್ಟಿಯಲ್ಲಿ ನಾಲ್ಕರ ಜೊತೆ ನೀವು ಕೇಳದ ಐದನೆಯ ಹೆಸರು ಕಂಡರೆ ಎಲ್ಲೋ ಸ್ಪಾಟ್ ಬಣ್ಣ ಉಳಿದುಕೊಂಡಿದೆ. "ಸಿಮ್ಯುಲೇಟ್ ಓವರ್‌ಪ್ರಿಂಟಿಂಗ್" ಹಾಕಿ ತೆಗೆದು ಮಾಡಿದಾಗ ಯಾವುದಾದರೂ ಅಕ್ಷರ ಕಾಣೆಯಾದರೆ, ಮೇಲೆ ಹೇಳಿದ ಬಿಳಿ ಓವರ್‌ಪ್ರಿಂಟ್ ಅದೇ. "ಟೋಟಲ್ ಏರಿಯಾ ಕವರೇಜ್"ನಲ್ಲಿ ಪ್ರೆಸ್ ಕೊಟ್ಟ ಮಿತಿ ತುಂಬಿದರೆ ಮೀರಿದ ಜಾಗಗಳು ಬಣ್ಣ ಹಚ್ಚಿದಂತೆ ತೋರುತ್ತವೆ. ಬಳಿಕ ಪ್ರೀಫ್ಲೈಟ್‌ನಲ್ಲಿ ಎಕ್ಸ್-1ಎ ಅಥವಾ ಎಕ್ಸ್-4 ತಪಾಸಣೆ ಓಡಿಸಿ. ಫಾಂಟ್ ಸೇರಿಲ್ಲದಿದ್ದರೆ, ಟ್ರಿಮ್ ಬಾಕ್ಸ್ ಇಲ್ಲದಿದ್ದರೆ ಅಲ್ಲೇ ಹೇಳುತ್ತದೆ. ಚಿತ್ರದ ಪಿಕ್ಸೆಲ್ ಸಾಲದಿದ್ದರೆ ಸಾಮಾನ್ಯವಾಗಿ ಈ ತಪಾಸಣೆ ಹೇಳುವುದಿಲ್ಲ, ಅದಕ್ಕೆ ರೆಸಲ್ಯೂಷನ್ ನೋಡುವ ಪ್ರೊಫೈಲ್ ಬೇರೆಯಾಗಿ ಓಡಿಸಿ.

ಅಕ್ರೋಬ್ಯಾಟ್ ಪ್ರೊ ಇಲ್ಲದವರಿಗೆ ಇನ್‌ಡಿಸೈನ್, ಇಲಸ್ಟ್ರೇಟರ್‌ಗಳಲ್ಲೇ "ಸೆಪರೇಷನ್ಸ್ ಪ್ರಿವ್ಯೂ" ಇದೆ, ಸ್ಕ್ರೈಬಸ್‌ನಲ್ಲಿ ತಪಾಸಣಾ ಸಾಧನವಿದೆ.

ಯಾವ ತಂತ್ರಾಂಶವೂ ಹಿಡಿಯದ ತಪ್ಪುಗಳಿಗೆ ಕಾಗದವೇ ಬೇಕು. ಪಿಡಿಎಫ್ ಅನ್ನು ಶೇ. 100 ಅಳತೆಯಲ್ಲಿ ಮಾಮೂಲಿ ಪ್ರಿಂಟರ್‌ನಲ್ಲಿ ತೆಗೆಯಿರಿ, "ಫಿಟ್ ಟು ಪೇಜ್" ಬೇಡ. ಬಣ್ಣ ನೋಡಬೇಡಿ, ಅದು ಇಲ್ಲಿ ಲೆಕ್ಕಕ್ಕಿಲ್ಲ. ಸ್ಕೇಲ್ ಹಿಡಿದು ಅಳತೆ ನೋಡಿ, ಟ್ರಿಮ್‌ಗೆ ಕತ್ತರಿಸಿ, ಮಡಿಕೆ ಇದ್ದರೆ ಮಡಿಸಿ. ಅಕ್ಷರ ತೀರ ಸಣ್ಣದಾಯಿತೇ, ಫೋನ್ ನಂಬರ್ ಅಂಚಿಗೆ ಬಿತ್ತೇ, ಹಿಂಬದಿ ತಲೆಕೆಳಗಾಯಿತೇ ಎಂಬುದು ಕೈಗೆ ಬಂದಾಗಲೇ ತಿಳಿಯುವುದು.

## ಹಂತ 10: ಕಳಿಸುವುದು, ಪ್ರೂಫ್‌ಗೆ ಸಹಿ

ಫೈಲ್ ಹೆಸರಿನಲ್ಲಿ ಕೆಲಸದ ಹೆಸರು, ಅಳತೆ, ಆವೃತ್ತಿ ಸಂಖ್ಯೆ ಇರಲಿ. "ಫೈನಲ್", "ಫೈನಲ್ ಹೊಸದು" ಎಂಬ ಎರಡು ಫೈಲ್‌ಗಳು ಒಂದೇ ಮೇಲ್‌ನಲ್ಲಿ ಹೋದರೆ ಹಳೆಯದೇ ಅಚ್ಚಾಗುವ ಸಂಭವವಿದೆ. ಮೆಸೇಜಿಂಗ್ ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಡ್ರೈವ್‌ನಲ್ಲಿಟ್ಟು ಕೊಂಡಿ ಕೊಡಿ. ಜೊತೆಗೆ ನಾಲ್ಕು ಸಾಲಿನ ಟಿಪ್ಪಣಿ ಇರಲಿ: ಅಳತೆ, ಪ್ರತಿಗಳು, ಕಾಗದ, ಬಣ್ಣಗಳ ಸಂಖ್ಯೆ, ಮುಗಿತಾಯದ ಕೆಲಸ.

ಪ್ರೂಫ್ (ಒಪ್ಪಿಗೆಗೆಂದು ಪ್ರೆಸ್ ಕಳಿಸುವ ಮಾದರಿ ಪ್ರತಿ) ಬಂದಾಗ ಅದು ಯಾವ ಬಗೆಯದು ಎಂದು ಕೇಳಿ. ಪಿಡಿಎಫ್ ಪ್ರೂಫ್‌ನಲ್ಲಿ ಅಕ್ಷರ, ಜಾಗ, ಪುಟಕ್ರಮ ನೋಡಬಹುದು, ಬಣ್ಣದ ತೀರ್ಮಾನ ಮಾಡಲಾಗದು. ಬಣ್ಣ ಮುಖ್ಯವಾದ ಕೆಲಸಕ್ಕೆ ಬಣ್ಣ ಅಳೆದು ಹೊಂದಿಸಿದ ಯಂತ್ರದಿಂದ ತೆಗೆದ ಕಾಗದದ ಪ್ರೂಫ್ ಬೇಕೆಂದು ಹೇಳಿ, ಅದನ್ನು 5000 ಕೆಲ್ವಿನ್ ಬೆಳಕಿನಲ್ಲಿ ಅಥವಾ ನೇರ ಬಿಸಿಲು ಬೀಳದ ಹಗಲಿನ ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಬೆಚ್ಚಗೆ ಕಾಣುತ್ತದೆ. ಹೊಳಪಿನ ಲ್ಯಾಮಿನೇಷನ್ ಬಣ್ಣವನ್ನು ಗಾಢ ಮಾಡುತ್ತದೆ, ಮ್ಯಾಟ್ ತುಸು ತಗ್ಗಿಸುತ್ತದೆ. ಲ್ಯಾಮಿನೇಷನ್ ಇಲ್ಲದ ಪ್ರೂಫ್ ನೋಡುವಾಗ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರೂಫ್‌ನಲ್ಲಿ ತಪ್ಪು ಸಿಕ್ಕರೆ "ಆ ಒಂದು ಅಕ್ಷರ ನೀವೇ ಸರಿಮಾಡಿಬಿಡಿ" ಎಂದು ಫೋನಿನಲ್ಲಿ ಹೇಳಬೇಡಿ. ಮೂಲ ಫೈಲ್‌ನಲ್ಲಿ ತಿದ್ದಿ, ಆವೃತ್ತಿ ಸಂಖ್ಯೆ ಏರಿಸಿ, ಒಂಬತ್ತನೇ ಹಂತವನ್ನು ಇನ್ನೊಮ್ಮೆ ಪೂರ್ತಿ ಮಾಡಿ, ಹೊಸ ಪಿಡಿಎಫ್ ಕಳಿಸಿ, ಹಳೆಯದನ್ನು ಅಳಿಸುವಂತೆ ಬರಹದಲ್ಲಿ ತಿಳಿಸಿ.